ಗೇಟಿನ ಮುಂದಿನ ಕಂಬ ಯಾರದು?

ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಗೇಟಿನ ಪಕ್ಕದ ಕರೆಂಟ್ ಕಂಬ. ನನ್ನನ್ನು ಬರೆಯಲು ಹಚ್ಚಿದ್ದೇ ಆ ಕಂಬ.

1987ರ ನವೆಂಬರ್. ನಾನು ಆಗ ಒಂಬತ್ತನೇ ಕ್ಲಾಸು. ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ ಅಲ್ವಾ, ಅದಕ್ಕೆ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ನಮ್ಮ ಊರು ಮತ್ತು ವಿದ್ಯುತ್ ಸಹಕಾರಿ ಸಂಘ, ಇದು ವಿಷಯ. ಒಂದೇ ರಾತ್ರಿಯಲ್ಲಿ ನಾಲ್ಕು ಪುಟ ಬರೆದು ಕೊಟ್ಟೆ. ಪೀಠಿಕೆ, ಸಹಕಾರದ ಮಹತ್ವ, ಉಪಸಂಹಾರ ಎಲ್ಲ ಇತ್ತು. ಕನ್ನಡ ಸರ್ ನಿಂತಲ್ಲೇ ಓದಿ ಹಾಳೆ ವಾಪಸ್ ಕೊಟ್ಟರು. "ಇದರಾಗ ನಮ್ಮೂರು ಎಲ್ಲೈತಿ ತಮ್ಮಾ? ಗೇಟಿನ ಮುಂದಿನ ಕಂಬ ಯಾರದು? ಕೇಳಿಕೊಂಡು ಬಾ, ಆಮ್ಯಾಲ ಬರಿ" ಎಂದರು.

ಕಂಬ ಸರ್ಕಾರದ್ದು ಅಂತಲೇ ನಾನು ತಿಳಿದಿದ್ದೆ. ಮನೆಗೆ ಬಂದು ಅಜ್ಜನನ್ನು ಕೇಳಿದೆ. ಅಜ್ಜ ಮಾತಾಡದೆ ಟ್ರಂಕು ತೆಗೆದ. ಹೊಲದ ಉತಾರಗಳ ಕೆಳಗಿಂದ ಹಳದಿಯಾದ ಒಂದು ಕಾಗದ ಹೊರಗೆ ಬಂತು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಶೇರು ಪತ್ರ. ಅದರ ಮೇಲೆ ಅಜ್ಜನ ಹೆಸರು. "ಆ ಕಂಬದಾಗ ನಂದೂ ಪಾಲೈತಿ" ಎಂದ.

ನಮ್ಮ ತಾಲೂಕಿನವರಿಗೆ ಇದು ಹೊಸದಲ್ಲ. ಹೊರಗಿನವರಿಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಬೇರೆ ತಾಲೂಕುಗಳಲ್ಲಿ ಕರೆಂಟ್ ಹೋದರೆ ಜನ ಕೆಇಬಿ, ಅಂದರೆ ಸರ್ಕಾರದ ವಿದ್ಯುತ್ ಮಂಡಳಿ, ಆಫೀಸಿಗೆ ಹೋಗುತ್ತಿದ್ದರು. ನಾವು ಸೊಸೈಟಿಗೆ ಹೋಗುತ್ತಿದ್ದೆವು. ನಮ್ಮದು ಇನ್ನೂ ಮೈಸೂರು ರಾಜ್ಯವಾಗಿದ್ದಾಗ, 1969ರಲ್ಲಿ, ಈ ಸಂಘ ಶುರುವಾಯಿತು. ಅದು ಕರೆಂಟ್ ತಯಾರಿಸುವುದಿಲ್ಲ. ಸಗಟಾಗಿ ಕೊಂಡು ಹಳ್ಳಿಗಳಿಗೆ ಹಂಚುತ್ತದೆ. ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್), ಬಿಲ್ಲು ಎಲ್ಲ ಸಂಘದ್ದೇ. ಶೇರು ತೆಗೆದುಕೊಂಡವರು ಸದಸ್ಯರು, ಅವರೇ ಆಡಳಿತ ಮಂಡಳಿ ಆರಿಸುತ್ತಾರೆ. ಹತ್ತು ಎಕರೆ ಕಬ್ಬು ಹಚ್ಚಿದವನಿಗೂ ಮನೆಗೆ ಎರಡೇ ಬಲ್ಬು ಇದ್ದವನಿಗೂ ಒಂದೊಂದೇ ವೋಟು. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ.

ಮರುದಿನ ಲೈನ್‌ಮನ್ ಕಾಕಾನ ಸೈಕಲ್ ಹಿಂದೆ ಕೂತು ಹೊಲಗಳಿಗೆ ಹೋದೆ. ಮನೆಗೆ ಒಂದು ಫೇಸ್ ಸಾಕು, ಮೋಟರಿಗೆ ಮೂರೂ ಬೇಕು ಅನ್ನುವುದನ್ನು ಅವರು ನೆಲದ ಮೇಲೆ ಮೂರು ಗೆರೆ ಎಳೆದು ತೋರಿಸಿದರು. ಮುಂಚೆ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ಬಾವಿ ನೀರು ಎತ್ತುತ್ತಿದ್ದರಂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಎತ್ತಿದರೂ ಒಂದು ತುಂಡು ಹೊಲ ತೋಯುತ್ತಿರಲಿಲ್ಲ ಎಂದರು. ಎಲ್ಲವನ್ನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚಿಕೊಂಡೆ.

ನನಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಎಂಟನೇ ಕ್ಲಾಸಿನ ಒಬ್ಬ ಹುಡುಗಿಗೆ. ಊರಿಗೆ ಹಿಟ್ಟಿನ ಗಿರಣಿ ಬಂದದ್ದನ್ನು ಅವಳು ಬರೆದಿದ್ದಳು. ಸರ್ ಅದನ್ನು ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಎದುರು ಓದಿಸಿದರು. "ಬೀಸುವ ಕಲ್ಲು ನಿಂತ ಮರುದಿನ ನಮ್ಮಜ್ಜಿ ಹೊತ್ತು ಏರುವ ತನಕ ಮಲಗಿದ್ದಳು" ಎಂದು ಶುರು ಮಾಡಿದ್ದಳು. ಕಲ್ಲಿನ ಜೊತೆ ಬೀಸುವ ಪದಗಳೂ ನಿಂತವು, ಅಜ್ಜಿ ಈಗ ಹಾಡುವುದಿಲ್ಲ ಎಂದೂ ಬರೆದಿದ್ದಳು. ಬಹುಮಾನ ಅವಳಿಗೇ ಸಲ್ಲಬೇಕಿತ್ತು. ಕರೆಂಟು ಏನು ತಂದಿತು ಎಂದಷ್ಟೇ ನಾವೆಲ್ಲ ಬರೆದಿದ್ದೆವು. ಏನು ಹೋಯಿತು ಎಂದು ಅವಳೊಬ್ಬಳೇ ನೋಡಿದ್ದಳು.

ಎಷ್ಟೋ ವರ್ಷಗಳ ಮೇಲೆ, ಸುಮ್ನೆ ಓದುತ್ತಿದ್ದಾಗ, ಈ ಕಥೆಯ ಇನ್ನೊಂದು ತುದಿ ಸಿಕ್ಕಿತು. 1930ರ ದಶಕದ ನಡುವೆ ಅಮೆರಿಕದಲ್ಲೂ ಹತ್ತು ರೈತರ ಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತಂತೆ. ಹಳ್ಳಿಗೆ ತಂತಿ ಎಳೆದರೆ ಲಾಭವಿಲ್ಲ ಎಂದು ಕಂಪನಿಗಳು ಕೈಬಿಟ್ಟಿದ್ದವು. ರೂಸ್‌ವೆಲ್ಟ್ ಸರ್ಕಾರ 1935ರಿಂದ ಸಾಲ ಕೊಡತೊಡಗಿತು. ರೈತರು ಸೇರಿ ಸಂಘ ಕಟ್ಟಿ ಕಂಬ ನೆಟ್ಟರು. 1957ರಲ್ಲಿ ಲಿಂಡನ್ ಜಾನ್ಸನ್, ಆಗ ಸೆನೆಟರ್, ಮುಂದೆ ಅಧ್ಯಕ್ಷರಾದವರು, ಆ ಸಂಘಗಳ ಸಭೆಯಲ್ಲಿ ನಿಮ್ಮ ಮಕ್ಕಳನ್ನು ವಾಷಿಂಗ್ಟನ್‌ಗೆ ಕಳಿಸಿ ಎಂದರು. ಅವರೂ ಟೆಕ್ಸಾಸ್‌ನ ಹಳ್ಳಿ ಕಡೆಯವರೇ. ಅಂದಿನಿಂದ ಹಳ್ಳಿ ಮಕ್ಕಳು ಪ್ರತಿ ವರ್ಷ ರಾಜಧಾನಿ ನೋಡಲು ಹೋಗುತ್ತಾರೆ. ಎಷ್ಟೋ ಸಂಘಗಳು ಆ ಮಕ್ಕಳನ್ನು ಆರಿಸುವುದು ಪ್ರಬಂಧ ಸ್ಪರ್ಧೆಯಿಂದ!

1960ರ ದಶಕದಲ್ಲಿ ಅದೇ ಸಂಘಗಳ ತಜ್ಞರು ಭಾರತಕ್ಕೆ ಬಂದರು. ಅವರ ನೆರವಿನಿಂದ ಇಲ್ಲಿ ಐದು ಕಡೆ ಪ್ರಯೋಗ ನಡೆಯಿತು. ಈಗಿನ ತೆಲಂಗಾಣದ ಸಿರಿಸಿಲ್ಲ, ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಲಖನೌ, ಮತ್ತೆ ನಮ್ಮ ಹುಕ್ಕೇರಿ. ಮುಳಾ-ಪ್ರವರಾ ಸಂಘದ ಕೈಯಿಂದ ಕರೆಂಟ್ ಹಂಚುವ ಕೆಲಸ 2011ರಲ್ಲಿ ಹೋಯಿತು. ಸಿರಿಸಿಲ್ಲದವರೂ ನಾವೂ ನಡೆಸಿಕೊಂಡು ಬಂದಿದ್ದೇವೆ. ಇದನ್ನು ಓದಿದ ದಿನ ಸರ್ ನೆನಪಾಗಿ ಬಹಳ ಹೊತ್ತು ಹಾಗೇ ಕೂತಿದ್ದೆ. ಅವರಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಈ ನವೆಂಬರಿನಲ್ಲಿ ಶಾಲೆಯವರು ಆ ಸ್ಪರ್ಧೆಯನ್ನು ಮತ್ತೆ ಇಟ್ಟರೆ ಬಹುಮಾನದ ಖರ್ಚು ನನ್ನದು. ಒಂದೇ ಕೋರಿಕೆ. ವಿಷಯ ಕೊಡುವ ದಿನ ಒಬ್ಬ ಲೈನ್‌ಮನ್ ಅವರನ್ನು ಕರೆಸಿ, ಮಕ್ಕಳ ನಡುವೆ ಒಂದು ತಾಸು ಕೂರಿಸಿ. ಅಪ್ಪ ಯಾಕೆ ನಡುರಾತ್ರಿ ಎದ್ದು ಮೋಟರ್ ಚಾಲೂ ಮಾಡಲು ಹೋಗುತ್ತಾನೆ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಅಲ್ಲಿಂದ ಬರೆಯಲು ಶುರು ಮಾಡಲಿ.