ಹಲಗೆ ಮುಚ್ಚಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕಿತ್ತು

ಶಿವಮೊಗ್ಗದಲ್ಲಿ ಪ್ಲಂಬಿಂಗ್ ಕಲಿತ ನಾನು ಕಳೆದ 14 ವರ್ಷಗಳಿಂದ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮನೆಗಳ ಹೀಟಿಂಗ್ ಕೆಲಸ ಮಾಡುತ್ತಿದ್ದೇನೆ. ನಮ್ಮೂರಿನಲ್ಲಿ ಬಿಸಿನೀರೆಂದರೆ ಬಚ್ಚಲಿನ ಹಂಡೆ ಅಥವಾ ತಾರಸಿಯ ಮೇಲಿನ ಸೋಲಾರ್. ಆ ನೀರು ಮೈಮೇಲೆ ಬಿದ್ದರೆ ಅದರ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ಮನೆಯೆಲ್ಲ ಓಡಾಡಿಸುತ್ತದೆ, ಗೋಡೆಗೆ ಕೂರಿಸಿದ ರೇಡಿಯೇಟರುಗಳು ಅದರ ಶಾಖವನ್ನು ಕೋಣೆಗೆ ಬಿಡುತ್ತವೆ, ತಣಿದ ನೀರು ಮತ್ತೆ ಬಾಯ್ಲರಿಗೆ ಮರಳುತ್ತದೆ. ಅದೇ ನೀರು ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ, ಆದ್ದರಿಂದ ಪೈಪಿನ ತಪ್ಪು ಹೊರಗೆ ಕಾಣಿಸಿಕೊಳ್ಳಲು ಬಹಳ ಸಮಯ ತೆಗೆದುಕೊಳ್ಳುತ್ತದೆ.

ಎರಡು ವರ್ಷಗಳ ಹಿಂದೆ, ಚಳಿ ಶುರುವಾಗುವ ಮೊದಲು, ಮೈಸೂರು ಕಡೆಯ ವೈದ್ಯ ದಂಪತಿ ಕೊಂಡಿದ್ದ ಹಳೆಯ ಮನೆಯೊಂದರ ಪೈಪುಗಳನ್ನು ಬದಲಿಸುವ ಕೆಲಸ ನನಗೆ ಸಿಕ್ಕಿತು. ನೂರು ವರ್ಷ ದಾಟಿದ ಇಟ್ಟಿಗೆಯ ಸಾಲುಮನೆ ಅದು. ಕೆಳಗಿನ ಹಜಾರದ ರೇಡಿಯೇಟರನ್ನು ಮುಟ್ಟಿದರೆ ಕೈ ಸುಡುತ್ತಿತ್ತು, ಮಹಡಿಯ ಕೊನೆಯ ಕೋಣೆಯಲ್ಲಿ ಮಲಗುತ್ತಿದ್ದ ಅವರ ತಾಯಿಯವರಿಗೆ ಮಾತ್ರ ರಾತ್ರಿಯಿಡೀ ಎರಡು ಕಂಬಳಿ ಬೇಕಾಗುತ್ತಿತ್ತು. ರೇಡಿಯೇಟರನ್ನು ದೊಡ್ಡದು ಮಾಡಿದರೆ ಸಾಕೆಂದು ಯಾರೋ ಹೇಳಿದ್ದರಂತೆ. ನೆಲದ ಎರಡು ಹಲಗೆ ಎಬ್ಬಿಸಿದಾಗ ಕಾರಣ ಗೊತ್ತಾಯಿತು. ಒಂದೇ ಕಬ್ಬಿಣದ ಪೈಪು ಮನೆಯನ್ನು ಸುತ್ತಿ ಬಂದಿತ್ತು, ಪ್ರತಿ ರೇಡಿಯೇಟರಿನ ಎರಡೂ ಬಾಯಿ ಅದಕ್ಕೇ ಸೇರಿದ್ದವು. ಮೊದಲ ರೇಡಿಯೇಟರಿನಿಂದ ತಣಿದು ಹೊರಬಂದ ನೀರು ಅದೇ ಪೈಪಿಗೆ ಬೆರೆತು ಮುಂದಿನದಕ್ಕೆ ಹೋಗುತ್ತಿದ್ದುದರಿಂದ ಕೊನೆಯ ಕೋಣೆಗೆ ಉಳಿಯುತ್ತಿದ್ದುದು ಉಗುರುಬೆಚ್ಚಗಿನ ನೀರು ಮಾತ್ರ. ಹೊರಹೋಗುವುದಕ್ಕೆ ಒಂದು, ಮರಳುವುದಕ್ಕೆ ಇನ್ನೊಂದು ಎಂದು ಎರಡು ಪೈಪು ಹಾಕದೆ ಬೇರೆ ದಾರಿಯಿರಲಿಲ್ಲ.

ಬಕೆಟಿಗೆ ಇಳಿಸಿದ ನೀರು ಮಸಿಯಂತೆ ಕಪ್ಪಗಿತ್ತು. ಬಕೆಟಿನ ಹೊರಮೈಗೆ ಅಯಸ್ಕಾಂತ ಹಿಡಿದರೆ ಕೆಸರು ಮೀಸೆಯಂತೆ ಒಂದೆಡೆ ಬಂದು ನಿಲ್ಲುತ್ತಿತ್ತು. ಅದು ಒಳಗಿನ ಕಬ್ಬಿಣವೇ ಕರಗಿ ಆದ ಆಕ್ಸೈಡು. ನೀರು ಕಪ್ಪಗಿದ್ದರೆ ತುಕ್ಕು ಹಳೆಯದು, ಕೆಂಪಗಿದ್ದರೆ ಎಲ್ಲಿಂದಲೋ ಹೊಸ ಗಾಳಿ ಒಳಬರುತ್ತಿದೆ ಎಂದು ನಾವು ಲೆಕ್ಕ ಹಾಕುತ್ತೇವೆ. ಹಳೆಯ ಜಾಯಿಂಟೊಂದನ್ನು ತಿರುಗಿಸಿ ಬಿಚ್ಚಿದಾಗ ಪೈಪಿನ ತಿರುಪಿನ ಮೇಲೆ ಸೆಣಬಿನ ನಾರು ಸುತ್ತಿದ್ದು ಕಂಡಿತು. ನಮ್ಮಲ್ಲಿ ಜಿಐ ಪೈಪಿಗೆ ಸುತ್ತುವ ನಾರೇ ಅದು, ಪೇಸ್ಟು ಮೆತ್ತಿದ ಕ್ರಮವೂ ಅದೇ. ಎರಡು ನಿಮಿಷ ಕೆಲಸ ನಿಲ್ಲಿಸಿ ಅದನ್ನೇ ನೋಡುತ್ತ ಕೂತೆ.

ಇಂಥ ಮನೆಗಳಲ್ಲಿ ಕತ್ತರಿಸುವ ಮೊದಲು ನೋಡಬೇಕಾದದ್ದು ಬಹಳವಿದೆ. ಪೈಪಿನ ಸುತ್ತ ಬಿಳಿ ಗಾರೆಯಂಥ ಹೊದಿಕೆಯಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಈ ದೇಶದಲ್ಲಿ ಅದರ ಸಂಪೂರ್ಣ ನಿಷೇಧವಾದದ್ದು 1999ರಲ್ಲಿ, ಆದ್ದರಿಂದ ಪ್ರಯೋಗಾಲಯದ ವರದಿ ಬರುವವರೆಗೆ ಕೈ ಹಚ್ಚುವಂತಿಲ್ಲ. ಕೆಳಗಿನ ಚಾವಣಿ ಮರದ ಪಟ್ಟಿಗೆ ಗಾರೆ ಮೆತ್ತಿದ್ದಾದರೆ ಎಲೆಕ್ಟ್ರಿಕ್ ಗರಗಸದ ನಡುಕಕ್ಕೇ ಗಾರೆ ಉದುರುತ್ತದೆ. ಹಲಗೆಯಡಿಯ ಶತಮಾನದ ಧೂಳಿಗೆ ಬೆಸುಗೆಯ ಜ್ವಾಲೆ ತಗಲಿದರೆ ಬೆಂಕಿಯೇ ಹೊತ್ತೀತು, ಹಾಗಾಗಿ ಅಲ್ಲಿ ನಾನು ಒತ್ತಿ ಕೂರಿಸುವ ಫಿಟ್ಟಿಂಗುಗಳನ್ನೇ ಬಳಸುತ್ತೇನೆ.

ಪೈಪಿನ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೋಗುವ ಮತ್ತು ಮರಳುವ ನೀರಿನ ನಡುವೆ 11 ಡಿಗ್ರಿ ಅಂತರವಿದ್ದರೆ 15 ಮಿಲಿಮೀಟರಿನ ತಾಮ್ರದ ಪೈಪು ಸದ್ದಿಲ್ಲದೆ ಸುಮಾರು 6 ಕಿಲೋವಾಟ್ ಶಾಖ ಹೊರಬಲ್ಲದು, 22 ಮಿಲಿಮೀಟರಿನದು ಅದರ ಎರಡು ಪಟ್ಟಿಗಿಂತ ಹೆಚ್ಚು. ಮುಂದೆ ಬಾಯ್ಲರಿನ ಬದಲು ಹೀಟ್ ಪಂಪ್, ಅಂದರೆ ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಮನೆಯೊಳಗೆ ತರುವ ಯಂತ್ರ, ಹಾಕಿಸುವ ಯೋಚನೆ ಆ ದಂಪತಿಗಿತ್ತು. ಹೀಟ್ ಪಂಪಿನಲ್ಲಿ ಆ ಅಂತರ 5 ಡಿಗ್ರಿಯಷ್ಟೇ ಇರುವುದರಿಂದ ಅದೇ ಪೈಪು ಹೊರುವ ಶಾಖ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಮುಖ್ಯ ಪೈಪುಗಳು 22ರವೇ ಇರಲೆಂದು ತೀರ್ಮಾನಿಸಿದೆ. ಆದರೆ ನೆಲದ ತೊಲೆಗಳು 175 ಮಿಲಿಮೀಟರ್ ಎತ್ತರದವು. ತೊಲೆಯ ಮೇಲ್ಗಡೆ ಕಚ್ಚು ಹಾಕುವುದಾದರೆ ಅದು ತೊಲೆಯ ಎತ್ತರದ ಎಂಟನೇ ಒಂದು ಭಾಗವನ್ನು ಮೀರಬಾರದು, ಅಂದರೆ ಇಲ್ಲಿ ಸುಮಾರು 22 ಮಿಲಿಮೀಟರ್. ಪೈಪಿನಷ್ಟೇ ಕಚ್ಚು ಸಾಲದು. ಹತ್ತು ಮೀಟರ್ ತಾಮ್ರದ ಬಿಸಿ 60 ಡಿಗ್ರಿಯಷ್ಟು ಏರಿದರೆ ಸುಮಾರು 10 ಮಿಲಿಮೀಟರ್ ಹಿಗ್ಗುತ್ತದೆ, ಅದು ಜಾರಲು ಕಚ್ಚಿನಲ್ಲಿ ಫೆಲ್ಟ್ ಎಂಬ ಮೆತ್ತನೆಯ ದಪ್ಪ ಬಟ್ಟೆ ಹಾಸದಿದ್ದರೆ ರಾತ್ರಿಯೆಲ್ಲ ಟಿಕ್ ಟಿಕ್ ಎನ್ನುತ್ತಿರುತ್ತದೆ. ಹೀಗಾಗಿ 22ರ ಪೈಪುಗಳನ್ನು ತೊಲೆಗಳ ನಡುವೆ ಉದ್ದಕ್ಕೆ ಓಡಿಸಿ, ತೊಲೆಗಳನ್ನು ಅಡ್ಡ ದಾಟುವ ಕವಲುಗಳನ್ನು ಮಾತ್ರ 15ಕ್ಕೆ ಇಳಿಸಿದೆ. ಈ ಭಾಗದ ಕೆಲಸದ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ.

ತಪ್ಪಿದ್ದು ಆಮೇಲೆ. ಬಾಯ್ಲರನ್ನು ಬೇರ್ಪಡಿಸಿ, ಕೈಪಂಪಿನಿಂದ ಪೈಪುಗಳಿಗೆ 4.5 ಬಾರ್ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟಿದ್ದೆವು. ಬೆಳಿಗ್ಗೆ ಒತ್ತಡದ ಗೇಜಿನ ಮುಳ್ಳು ಒಂದಿಷ್ಟೂ ಕದಲಿರಲಿಲ್ಲ. ಆ ಸಂತೋಷದಲ್ಲಿ ಒತ್ತಡ ಇಳಿಸಿ, ಹಲಗೆ ಮುಚ್ಚಲು ಶುರುಮಾಡಿದೆವು. ಪೈಪು ತೊಲೆಯನ್ನು ದಾಟುವ ಕಡೆಯಲ್ಲೆಲ್ಲ ಮೇಲೊಂದು ಉಕ್ಕಿನ ತಗಡು ಕೂರಿಸುವುದು ವಾಡಿಕೆ, ಏಕೆಂದರೆ ಹಲಗೆಗೆ ಮೊಳೆ ಹೊಡೆಯುವುದೂ ತೊಲೆಯ ಮೇಲೆಯೇ. ಕೊನೆಯ ಒಂದು ತೊಲೆಗೆ ತಗಡು ಸಾಲಲಿಲ್ಲ. ಜೊತೆಗಿದ್ದ ಹಾವೇರಿಯ ಹುಡುಗ, “ಅಣ್ಣಾ, ಹಳೇ ತೂತಿಗೇ ಮೊಳೆ ಹೊಡೀಲೇನು?” ಎಂದು ಕೇಳಿದ. ಹೊಡಿ ಎಂದೆ. ನೂರು ವರ್ಷ ಮೊಳೆ ಇದ್ದ ತೂತಿನಲ್ಲಿ ಅಪಾಯವೇನು ಎಂಬುದು ನನ್ನ ತರ್ಕ. ಆ ತೂತು ಕ್ಷೇಮವಾಗಿದ್ದುದು ಹಳೆಯ ಪೈಪಿನ ದಾರಿಗೆ. ಹೊಸ ಪೈಪಿನ ದಾರಿಯನ್ನು ನಾನೇ ಬದಲಿಸಿದ್ದೆನೆಂಬುದು ಆ ಕ್ಷಣದಲ್ಲಿ ಹೊಳೆಯಲಿಲ್ಲ.

ತಾಮ್ರಕ್ಕೆ ಹೊಕ್ಕ ಮೊಳೆ ತಾನು ಮಾಡಿದ ತೂತನ್ನು ತಾನೇ ಮುಚ್ಚಿಕೊಂಡು ನಿಲ್ಲುತ್ತದೆ. ನೀರು ತುಂಬಿದಾಗ ಒಂದು ಹನಿಯೂ ಬೀಳಲಿಲ್ಲ. ಪೈಪು ದಿನಕ್ಕೆರಡು ಬಾರಿ ಕಾದು, ಹಿಗ್ಗಿ, ತಣಿದು ಕುಗ್ಗತೊಡಗಿದಂತೆ ಮೊಳೆಯ ಸುತ್ತ ಸಂದು ಬಿಟ್ಟಿತು. ಹತ್ತು ದಿನಗಳಾದ ಮೇಲೆ ಡಾಕ್ಟರಮ್ಮನವರು ಫೋನ್ ಮಾಡಿ, ಗೇಜಿನಲ್ಲಿ 1.4 ಬಾರ್ ಇದ್ದದ್ದು 0.9ಕ್ಕೆ ಇಳಿದಿದೆ ಎಂದರು. ಹೊಸ ಪೈಪುಗಳಲ್ಲಿ ಉಳಿದ ಗಾಳಿ ಹೊರಹೋದಂತೆ ಒತ್ತಡ ಸ್ವಲ್ಪ ಇಳಿಯುವುದು ಸಹಜ, ನಲ್ಲಿ ತಿರುಗಿಸಿ ನೀರು ತುಂಬಿಸಿಕೊಳ್ಳಿ ಎಂದೆ. ಮೊದಲ ಎರಡು ಮೂರು ದಿನಗಳಿಗೆ ಹೊಂದುವ ಆ ಮಾತನ್ನು ಹತ್ತನೆಯ ದಿನ ಹೇಳಬಾರದಿತ್ತು. ಅವರು ಎರಡು ಬಾರಿ ತುಂಬಿಸಿದರು. ಹಾಗೆ ತುಂಬಿಸಿದಾಗಲೆಲ್ಲ ಹೊಸ ಆಮ್ಲಜನಕ ಒಳಹೋಗುತ್ತದೆ, ತುಕ್ಕು ತಡೆಯಲು ನಾನು ಬೆರೆಸಿದ ರಾಸಾಯನಿಕ ತೆಳುವಾಗುತ್ತದೆ, ಸೋರಿಕೆಗೆ ಬೇಕಾದ ನೀರೂ ಸಿಗುತ್ತದೆ. ಮೂರನೆಯ ವಾರ ಮತ್ತೆ ಫೋನ್ ಬಂತು: “ಊಟದ ಕೋಣೆಯ ಚಾವಣಿಯಲ್ಲಿ ತಟ್ಟೆಯಗಲ ಹಳದಿ ಕಲೆ ಬಿದ್ದಿದೆ, ಒಮ್ಮೆ ಬಂದು ನೋಡ್ತೀರಾ?”

ಹಲಗೆ ಎತ್ತುವಾಗ ಮೊಳೆ ಜೊತೆಗೇ ಎದ್ದು ಬಂತು, ನೀರು ದಾರದಂತೆ ನನ್ನ ತೋಳಿಗೆ ಚಿಮ್ಮಿತು. ತೂತು ಎರಡು ಮಿಲಿಮೀಟರೂ ಇರಲಿಲ್ಲ. ಪೈಪಿನ ಒಂದು ಗೇಣು ಕತ್ತರಿಸಿ ಹೊಸದು ಜೋಡಿಸಲು ಅರ್ಧ ಗಂಟೆ ಸಾಕಾಯಿತು. ಒದ್ದೆಯಾದ ಗಾರೆ ಮಾತ್ರ ಒಂದು ಮೀಟರಿನಷ್ಟು ಕಿತ್ತು ಬಂದದ್ದರಿಂದ ಅದನ್ನು ಸರಿಪಡಿಸುವ, ಬಣ್ಣ ಹೊಡೆಸುವ ಖರ್ಚನ್ನು ನಾನೇ ಭರಿಸಿದೆ. ಹುಡುಗ ಸಪ್ಪಗೆ ನಿಂತಿದ್ದ. ಅವನು ಕೇಳಿಯೇ ಹೊಡೆದದ್ದು ಎಂದು ಡಾಕ್ಟರಮ್ಮನವರ ಎದುರಿಗೇ ಹೇಳಿದೆ.

ಈಗ ಹಲಗೆ ಮುಚ್ಚುವಾಗ ಒತ್ತಡ ಇಳಿಸುವುದಿಲ್ಲ. ಗೇಜನ್ನು ಕಣ್ಣೆದುರು ಇಟ್ಟುಕೊಂಡೇ ಮುಚ್ಚುತ್ತೇವೆ, ಕೊನೆಯ ಹಲಗೆಯಾದ ಮೇಲೆ ಇನ್ನೊಂದು ರಾತ್ರಿ ಹಾಗೆಯೇ ಬಿಡುತ್ತೇವೆ. ಮೊಳೆಯ ಬದಲು ಸ್ಕ್ರೂ ಹಾಕುತ್ತೇವೆ, ತಗಡು ಮುಗಿದರೆ ಆ ಹಲಗೆ ಮರುದಿನದವರೆಗೆ ತೆರೆದೇ ಇರುತ್ತದೆ. ಹಲಗೆಯ ಮೇಲೆ ಪೈಪಿನ ದಾರಿಯನ್ನು ದಪ್ಪ ಪೆನ್ಸಿಲಿನಲ್ಲಿ ಎಳೆದು, ಫೋಟೋ ತೆಗೆದು ಮನೆಯವರಿಗೆ ಕಳಿಸುತ್ತೇನೆ. ಬಾಗಿಲ ಹೊಸ್ತಿಲಿನ ಕೆಳಗಂತೂ ಪೈಪು ಮೇಲುಮೇಲಕ್ಕೆ ಬರದಂತೆ ನೋಡಿಕೊಳ್ಳುತ್ತೇನೆ, ಏಕೆಂದರೆ ನಾವು ಕೆಲಸ ಮುಗಿಸಿ ಹೋದ ಒಂದು ವಾರಕ್ಕೆ ಕಾರ್ಪೆಟ್ ಹಾಸುವವನು ಬರುತ್ತಾನೆ, ಕಾರ್ಪೆಟ್ಟಿನ ಅಂಚು ಹಿಡಿದಿಡುವ ಅವನ ಮುಳ್ಳುಪಟ್ಟಿಯ ಮೊಳೆಗಳು ಬೀಳುವುದು ಸರಿಯಾಗಿ ಅಲ್ಲಿಯೇ.