ಕಾಗದದ ಮೇಲೆ 0.01, ಕೊಕ್ಕೆ ಹಾಕಿ ಎಳೆದರೆ 0.18

ಮೂರು ವಾರ, ಹನ್ನೊಂದು ಅಲ್ಯೂಮಿನಿಯಂ ತುಂಡು, ತಿರುಗುತ್ತ ಲೋಹ ಕೊರೆಯುವ ಉಳಿಗಳು, ಅಂದರೆ ಎಂಡ್ ಮಿಲ್, ಮುರಿದದ್ದು ನಾಲ್ಕು. ಇಷ್ಟೆಲ್ಲ ಕಳೆದುಕೊಂಡ ಮೇಲೆ ನಿನ್ನೆ ರಾತ್ರಿ ಒಂದು 608 ಬೇರಿಂಗ್ ತನ್ನ ಗುಳಿಯಲ್ಲಿ ಕೂತಿತು. ಸ್ಕೇಟಿಂಗ್ ಚಕ್ರದೊಳಗೆ ಇರುತ್ತದಲ್ಲ, ಅದೇ 22 ಮಿ.ಮೀ. ಹೊರವ್ಯಾಸದ ಬಡಪಾಯಿ ಬೇರಿಂಗ್. ಕಾಯಿಲ್ ಸುತ್ತುವ ಪುಟ್ಟ ಯಂತ್ರವೊಂದಕ್ಕೆ ಅಂಥ ಎರಡು ಬೇಕು. ಒಂದಾಯಿತು.

ಕೊರೆದದ್ದು 3018 ಎಂಬ, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಪುಟ್ಟ ಮೇಜಿನ ಯಂತ್ರದಲ್ಲಿ. ಅದನ್ನು ಜೋಡಿಸಿದ ಕಥೆ ಹೇಳುವುದಿಲ್ಲ. ನೀವೂ ಜೋಡಿಸಿದ್ದರೆ ನಿಮಗೂ ಎರಡು ಸ್ಕ್ರೂ ಕಡಿಮೆ ಬಂದಿರುತ್ತವೆ. ಮಾರಿದವನು ಕೊಟ್ಟ ವಿವರಪಟ್ಟಿಯನ್ನು ಈ ಸಲ ಸಾಲುಸಾಲಾಗಿ ಪರೀಕ್ಷಿಸಿಯೇ ಬಿಡುವುದೆಂದು, ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಿಡಿದು ಕೂತೆ. ಕೆಲಸದ ಜಾಗ 300×180×45 ಎಂದಿದೆ; ನನಗೆ ಸಿಕ್ಕಿದ್ದು 284, 171, 40. ಸೈಟಿನ ಅಳತೆಯಲ್ಲಿ ರಸ್ತೆಯನ್ನೂ ಸೇರಿಸಿ ಹೇಳುವವರ ಲೆಕ್ಕ. ಉಳಿಯನ್ನು ತಿರುಗಿಸುವ ಸ್ಪಿಂಡಲ್ಲಿನ 775 ಮೋಟರ್ ನಿಮಿಷಕ್ಕೆ 10,000 ಸುತ್ತು ಎಂದಿದೆ. ಖಾಲಿ ತಿರುಗುವಾಗ 9,400 ಇತ್ತು, ಲೋಹ ಕಂಡೊಡನೆ ಅದರ ಉತ್ಸಾಹ ಇಳಿಯಿತು. ಇವೆಲ್ಲ ಕ್ಷಮಿಸಬಹುದಾದ ಸುಳ್ಳುಗಳು.

ನನ್ನನ್ನು ಕೆಡಿಸಿದ್ದು ನಾಲ್ಕನೆಯ ಸಾಲು: ‘ನಿಖರತೆ 0.01 ಮಿ.ಮೀ.’

ಅಂಕಿ ಎಲ್ಲಿಂದ ಹುಟ್ಟಿತೆಂದು ಊಹಿಸಬಹುದು. ಯಂತ್ರವನ್ನು ಸರಿಸುವ ಮೋಟರ್ ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ, ಅದನ್ನು ನಡೆಸುವ ಡ್ರೈವರ್ ಒಂದೊಂದನ್ನೂ ಹದಿನಾರಾಗಿ ಒಡೆಯುತ್ತದೆ, ಮೋಟರಿಗೆ ಸಿಕ್ಕಿಸಿದ ಲೀಡ್ ಸ್ಕ್ರೂ ಒಂದು ಸುತ್ತು ತಿರುಗಿದರೆ ಅದರ ಮೇಲಿನ ನಟ್ಟು 4 ಮಿ.ಮೀ. ಸರಿಯುತ್ತದೆ. 200×16÷4, ಅಂದರೆ ಮಿಲಿಮೀಟರಿಗೆ 800 ಹೆಜ್ಜೆ. ಒಂದು ಹೆಜ್ಜೆಗೆ 0.00125 ಮಿ.ಮೀ. ಹಾಗೆ ನೋಡಿದರೆ 0.01 ಎಂದು ಬರೆದವನು ವಿನಯವಂತನೇ. ಆದರೆ ಇದು ಮೋಟರಿಗೆ ಎಷ್ಟು ಸಣ್ಣ ಆಜ್ಞೆ ಕೊಡಬಹುದು ಎಂಬ ಲೆಕ್ಕ ಮಾತ್ರ. ಆ ಆಜ್ಞೆ ಉಳಿಯ ತುದಿಗೆ ತಲುಪಿತೇ ಎಂಬುದು ಬೇರೆ ಪ್ರಶ್ನೆ. ಅದನ್ನು ನಾನು ಕೇಳಿಕೊಂಡದ್ದು ಹನ್ನೊಂದನೆಯ ತುಂಡು ಕೆಟ್ಟ ಮೇಲೆ.

ಗುಳಿ ಮೊಟ್ಟೆಯಾಗುತ್ತಿತ್ತು. ಎಕ್ಸ್ (ಎಡ-ಬಲ) ದಿಕ್ಕಿನಲ್ಲಿ 21.91, ವೈ (ಹಿಂದೆ-ಮುಂದೆ) ದಿಕ್ಕಿನಲ್ಲಿ 21.72. ಬೇರಿಂಗ್ ಅಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.

ಎಲ್ಲರಂತೆ ಮೊದಲು ಸ್ಕ್ರೂ-ನಟ್ಟಿನ ನಡುವಿನ ಸಡಿಲವನ್ನು, ಅಂದರೆ ಬ್ಯಾಕ್‌ಲ್ಯಾಶನ್ನು ಬೈದೆ. ನಟ್ಟಿನ ಸ್ಪ್ರಿಂಗ್ ಬಿಗಿ ಮಾಡಿದೆ, ಮುಂದೆ ಹಿಂದೆ ಓಡಿಸಿ ಅಳೆದೆ: 0.03. ಅದು ಈ ಪಾಪಕ್ಕೆ ಸಾಲದು. ಅಲ್ಲದೆ ಬ್ಯಾಕ್‌ಲ್ಯಾಶ್ ಇದ್ದರೆ ವೃತ್ತದಲ್ಲಿ ದಿಕ್ಕು ಬದಲಾಗುವ ನಾಲ್ಕು ಜಾಗಗಳಲ್ಲಿ ಸಣ್ಣ ಮೆಟ್ಟಿಲಿನಂಥ ಗುರುತು ಬೀಳಬೇಕು. ನನ್ನ ಗುಳಿಯ ಗೋಡೆ ನುಣ್ಣಗಿತ್ತು. ಮೊಟ್ಟೆಯೇನೋ ಹೌದು, ಬಲು ನಯವಾದ ಮೊಟ್ಟೆ.

ಆಮೇಲೆ ಉಳಿಯನ್ನು ಕಚ್ಚಿ ಹಿಡಿಯುವ ಕೊಲೆಟ್. ಅದರ ರನೌಟ್, ಅಂದರೆ ತಿರುಗುವಾಗಿನ ವಾಲಾಟ, 0.07 ಇತ್ತು. ಒಳ್ಳೆಯದೊಂದು ಇರಲೆಂದು 3.175ರ ಇಆರ್11 ಕೊಲೆಟ್ ತರಿಸಿದರೆ ಒಂಬತ್ತು ದಿನದ ಮೇಲೆ 3.0 ಬಂತು. ಫೋನಿನಲ್ಲಿ ಕೇಳಿದೆ. ‘ಸಾರ್, ಎರಡೂ ಮೂರೇ ಅಲ್ಲವೇ?’ ಎಂದರು. ಅವರಿಗೆ ನಾನು 3.175 ನೂರು ರೂಪಾಯಿ ಕೊಡಬೇಕಾದಲ್ಲಿ ಮೂರೇ ನೂರು ಕೊಟ್ಟಿದ್ದರೆ ವ್ಯತ್ಯಾಸ ತಿಳಿಯುತ್ತಿತ್ತೋ ಏನೋ. ಕೊನೆಗೆ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಸರಿಯಾದದ್ದನ್ನು ತಂದೆ. ರನೌಟ್ 0.02ಕ್ಕೆ ಇಳಿಯಿತು. ಮೊಟ್ಟೆ ಮೊಟ್ಟೆಯಾಗಿಯೇ ಉಳಿಯಿತು. ಯೋಚಿಸಿದರೆ ಅದು ಸಹಜ. ವಾಲಾಡುವ ಉಳಿ ಗುಳಿಯನ್ನು ಎಲ್ಲ ಕಡೆಗೂ ಒಂದೇ ಸಮ ದೊಡ್ಡದು ಮಾಡುತ್ತದೆ, ಒಂದೇ ದಿಕ್ಕಿನಲ್ಲಿ ಕಿರಿದು ಮಾಡುವುದಿಲ್ಲ.

ಈಗ ನಾಚಿಕೆಯ ಭಾಗ. 22ನ್ನು 21.72ರಿಂದ ಭಾಗಿಸಿ, ಯಂತ್ರವನ್ನು ನಡೆಸುವ ತಂತ್ರಾಂಶವಾದ ಜಿಆರ್‌ಬಿಎಲ್‌ನಲ್ಲಿ ವೈ ದಿಕ್ಕಿನಲ್ಲಿ ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎಂದು ಹೇಳುವ $101ನ್ನು 800ರಿಂದ 810ಕ್ಕೆ ಏರಿಸಿಬಿಟ್ಟೆ. ಗುಳಿ ವೈ ದಿಕ್ಕಿನಲ್ಲಿ 22ಕ್ಕೆ ಬಂತು! ಅರ್ಧ ಗಂಟೆ ನನ್ನಷ್ಟು ಜಾಣ ಬೆಂಗಳೂರಿನಲ್ಲಿ ಇರಲಿಲ್ಲ. ಆ ಹಿಗ್ಗಿನಲ್ಲೇ 22 ಮಿ.ಮೀ. ಗುಬಟೊಂದನ್ನು (ಎದ್ದು ನಿಂತ ದುಂಡು ಭಾಗ) ಹೊರಗಿನಿಂದ ಕೊರೆದೆ, ಕಾಯಿಲ್ ಯಂತ್ರಕ್ಕೆ ಅದೂ ಬೇಕಿತ್ತು. ವರ್ನಿಯರ್ ಹಿಡಿದರೆ 22.56.

ನನ್ನ ಜಾಣತನವನ್ನು ಇಳಿಸಿದ್ದೂ, ದಾರಿ ತೋರಿಸಿದ್ದೂ ಆ 22.56. ಹೆಜ್ಜೆಯ ಲೆಕ್ಕ ತಪ್ಪಿದ್ದರೆ ಗುಳಿಯೂ ಗುಬಟೂ ಒಂದೇ ಕಡೆಗೆ ತಪ್ಪಬೇಕು, ಎರಡೂ ಕಿರಿದು ಇಲ್ಲವೇ ಎರಡೂ ಹಿರಿದು. $101ನ್ನು ಮತ್ತೆ 800 ಮಾಡಿ ಎರಡನ್ನೂ ಕೊರೆದೆ: ಗುಳಿ ಕಿರಿದು, ಗುಬಟು ಹಿರಿದು. ಅಂದರೆ ಉಳಿ ಪ್ರತಿ ಸಲವೂ ಲೋಹದಿಂದ ಹಿಂದೆ ಸರಿಯುತ್ತಿದೆ. ಯಂತ್ರ ದಾರಿ ತಪ್ಪುತ್ತಿರಲಿಲ್ಲ, ಬಾಗುತ್ತಿತ್ತು.

ಬಾಗುವುದನ್ನು ಅಳೆಯಲು ಲಗೇಜು ತೂಗುವ ಕೊಕ್ಕೆ ತಕ್ಕಡಿ ಸಾಕು. ಯಂತ್ರಕ್ಕೆ ಕರೆಂಟ್ ಕೊಟ್ಟು ಮೋಟರುಗಳು ಬಿಗಿ ಹಿಡಿದಿರುವಂತೆ ಮಾಡಿ, ಕೊಲೆಟ್ಟಿಗೆ ಕೊಕ್ಕೆ ಸಿಕ್ಕಿಸಿ, ಎದುರು ಬದಿಯಲ್ಲಿ ಡಯಲ್ ಗೇಜ್ ನಿಲ್ಲಿಸಿ ಎರಡು ಕಿಲೋ ಎಳೆದೆ. ಎಕ್ಸ್ ದಿಕ್ಕಿನಲ್ಲಿ 0.06 ಮಿ.ಮೀ. ವೈ ದಿಕ್ಕಿನಲ್ಲಿ 0.18. ಇದೇ ನನ್ನ ಮೊಟ್ಟೆ! ಎಕ್ಸ್ ಕಡೆಗೆ ಎಳೆದಾಗ, ಸ್ಪಿಂಡಲ್ ಎಡ-ಬಲಕ್ಕೆ ಓಡುವ ಸರಳುಗಳ ಉದ್ದಕ್ಕೇ ಬಲ ಬೀಳುತ್ತದೆ; ವೈ ಕಡೆಗೆ ಎಳೆದಾಗ ಅವೇ ಸರಳುಗಳು ಅಡ್ಡಕ್ಕೆ ಬಾಗುತ್ತವೆ, ಜೊತೆಗೆ ಸ್ಪಿಂಡಲ್ ಹೊತ್ತ ಪ್ಲಾಸ್ಟಿಕ್ ಗಾಡಿ ತಿರುಚಿಕೊಳ್ಳುತ್ತದೆ.

ಯಾವುದರ ಪಾಲು ಎಷ್ಟು? ಗೇಜನ್ನು ಸರಳಿನ ನಡುವಿಗೆ ತಾಗಿಸಿ ಮತ್ತೆ ಅಷ್ಟೇ ಎಳೆದೆ: 0.04. ಪುಸ್ತಕದ ಸೂತ್ರವೂ ಇದಕ್ಕೆ ಒಪ್ಪುತ್ತದೆ. 10 ಮಿ.ಮೀ. ದಪ್ಪದ, 340 ಮಿ.ಮೀ. ಉದ್ದದ ಎರಡು ಉಕ್ಕಿನ ಸರಳು ಆ ಭಾರಕ್ಕೆ ತುದಿಗಳನ್ನು ಗಟ್ಟಿಯಾಗಿ ಹಿಡಿದಿದ್ದರೆ 0.02, ಸುಮ್ಮನೆ ಆನಿಸಿಟ್ಟಿದ್ದರೆ 0.08 ಬಾಗಬೇಕು. ನನ್ನದು ನಡುವೆ ಎಲ್ಲೋ ಇದೆ, ಏಕೆಂದರೆ ಹಿಡಿಯುವ ಕಂಬಗಳು ಬೇಕಲೈಟ್. ಬಾಗುವಿಕೆ ದಪ್ಪದ ನಾಲ್ಕನೆಯ ಘಾತಕ್ಕೆ ವಿಲೋಮ, ಹಾಗಾಗಿ 12 ಮಿ.ಮೀ. ಸರಳು ಹಾಕಿದರೆ ಈ ಪಾಲು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸರಳು ತರಿಸಲು ಬೆರಳು ಫೋನಿನ ಮೇಲೆ ಹೋಗಿತ್ತು. ಆದರೆ ಉಳಿದ 0.14 ಸರಳಿನದಲ್ಲವಲ್ಲ! ಅದು ಗಾಡಿಯ ತಿರುಚು. ಗಾಡಿಯಿಂದ ಉಳಿಯ ತುದಿ ಎಷ್ಟು ಕೆಳಗೆ ಜೋತುಬಿದ್ದಿದೆಯೋ ಅಷ್ಟು ಹೆಚ್ಚು.

ತೆಳು ತುಂಡನ್ನು ತಳದ ಮೇಲೆ ಮಲಗಿಸಿ, ಸ್ಪಿಂಡಲನ್ನು ಪಾತಾಳದವರೆಗೆ ಇಳಿಸಿ ಕೆಲಸ ಮಾಡುತ್ತಿದ್ದವನು ನಾನೇ. ತಳಕ್ಕೆ 18 ಮಿ.ಮೀ. ಎಂಡಿಎಫ್ ಹಲಗೆ ಬಿಗಿದು ತುಂಡನ್ನೇ ಮೇಲಕ್ಕೆತ್ತಿದೆ. ಸ್ಪಿಂಡಲನ್ನು ಅದರ ಹಿಡಿಕೆಯಲ್ಲಿ ಮೇಲಕ್ಕೆ ಸರಿಸಿದೆ, ಉಳಿಯನ್ನು ಕೊಲೆಟ್ಟಿನೊಳಗೆ ಇನ್ನಷ್ಟು ತಳ್ಳಿದೆ. ಮತ್ತೆ ಎರಡು ಕಿಲೋ: 0.10. ಖರ್ಚು ಮೂಲೆಯಲ್ಲಿ ಬಿದ್ದಿದ್ದ ಹಲಗೆ.

ಹಲಗೆ ಎಂದಾಗ ನೆನಪಾಯಿತು. ಮುಂದಿನದು ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಮಡಚಿ ಇಡುವಂಥ ಮಣೆ ಬೇಕು, ಮಧ್ಯಕ್ಕೆ ಎರಡು ಮಾಡೋಣವೆಂದರೆ ಏಳನ್ನು ಸಮನಾಗಿ ಸೀಳಲು ಆಗದು. ಉದ್ದಕ್ಕೆ ಸೀಳಿ, ಒಂದೊಂದು ಸಾಲನ್ನು ಬೇರೆಬೇರೆ ಕೊರೆದು, ತಿರುಗಣೆ ಹಾಕಿ ಮಡಚುವಂತೆ ಮಾಡಬೇಕು. 36 ಮಿ.ಮೀ. ಗುಳಿ, ಕೇಂದ್ರದಿಂದ ಕೇಂದ್ರಕ್ಕೆ 42, ಉಳಿ ದುಂಡು ತುದಿಯ 6 ಮಿ.ಮೀ. ಬಾಲ್ ನೋಸ್. ಉಳಿಯ ಓಡಾಟ 252 ಕೂಡಿಸು 30, ಒಟ್ಟು 282. ನನ್ನ ಯಂತ್ರದ ನಿಜವಾದ ಓಟ 284! ಎರಡು ಮಿಲಿಮೀಟರ್ ಉಳಿಯಿತು. ಮರದಲ್ಲಿ 0.1 ಬಾಗಿದರೆ ಹುಣಸೆಬೀಜ ದೂರು ಹೇಳುವುದಿಲ್ಲ.

ಬೇರಿಂಗಿಗೆ ಬರೋಣ. ಗೋಡೆಯಲ್ಲಿ 0.2 ಬಿಟ್ಟು ಒರಟಾಗಿ ಕೊರೆದು, ಉಳಿದದ್ದನ್ನು ಒಂದೇ ತೆಳು ಸುತ್ತಿನಲ್ಲಿ ತೆಗೆದು, ಅದೇ ದಾರಿಯಲ್ಲಿ ಇನ್ನೂ ಎರಡು ಸಲ ಸುಮ್ಮನೆ ಓಡಿಸಿದೆ. ಒತ್ತಡ ಇಳಿದಂತೆಲ್ಲ ಉಳಿ ತನ್ನ ಜಾಗಕ್ಕೆ ಮರಳಿ, ಬಿಟ್ಟಿದ್ದ ಕೂದಲೆಳೆಯನ್ನು ಕೆರೆಯುತ್ತದೆ. 21.98 ಮತ್ತು 21.96. ಇದು ಬಿಗಿ, ಸುತ್ತಿಗೆಯಲ್ಲಿ ಬಡಿದರೆ ಬೇರಿಂಗ್ ಹಾಳು. ಅಲ್ಯೂಮಿನಿಯಂ ನೂರು ಡಿಗ್ರಿ ಹೆಚ್ಚು ಕಾದರೆ 22 ಮಿ.ಮೀ. ಗುಳಿ ಸುಮಾರು 0.05 ಹಿಗ್ಗುತ್ತದೆ. ಬೇರಿಂಗನ್ನು ಫ್ರೀಜರಿನಲ್ಲಿಟ್ಟು, ತುಂಡನ್ನು ದೋಸೆ ಕಾವಲಿಯ ಮೇಲಿಟ್ಟೆ. ನೀರು ಚಿಮುಕಿಸಿದರೆ ಚುರ್ ಎನ್ನುವಷ್ಟು ಕಾದ ಮೇಲೆ ಇಕ್ಕಳದಲ್ಲಿ ಹಿಡಿದು ಬೇರಿಂಗ್ ಬಿಟ್ಟೆ. ತಾನಾಗಿಯೇ ಇಳಿದು ಟಕ್ ಎಂದಿತು.

ಬೆಳಗ್ಗೆ ಅಮ್ಮ ಕಾವಲಿಯನ್ನು ಮೂಸಿ ನೋಡಿ, ‘ಇದರ ಮೇಲೆ ಇನ್ನು ನಾನು ದೋಸೆ ಹುಯ್ಯುವುದಿಲ್ಲ, ನಿನ್ನ ಯಂತ್ರದ ಪಕ್ಕದಲ್ಲೇ ಇಟ್ಟುಕೋ’ ಎಂದರು. ಎರಡನೆಯ ಬೇರಿಂಗಿಗೂ ಬೇಕಿತ್ತು, ಇಟ್ಟುಕೊಂಡಿದ್ದೇನೆ.