ಹೊಟ್ಟೆಯ ಮೇಲಿಟ್ಟ ಎರಡು ಕೈಗಳು

ಊಟವಾದ ಅರ್ಧ ಗಂಟೆಯೊಳಗೆ ಹೊಕ್ಕುಳಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿರುವಂತೆ ಶುರುವಾಗುವ ನೋವು ಸುಮಾರು ಆರು ವರ್ಷ ನನ್ನ ಬೆನ್ನು ಬಿಡಲಿಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೋಸ್ಕೋಪಿ ಎಲ್ಲವೂ ಆದವು. ಯಾವುದರಲ್ಲೂ ದೋಷ ಕಾಣಲಿಲ್ಲ. ಇದು ಐಬಿಎಸ್, ಅಂದರೆ ಕರುಳಿನ ರಚನೆ ಸರಿಯಿದ್ದೂ ಅದರ ನಡವಳಿಕೆ ಹದ ತಪ್ಪಿರುವ ಸ್ಥಿತಿ ಎಂದು ವೈದ್ಯರು ವಿವರಿಸಿದರು. ಮಾತ್ರೆಗಳು ಬದಲಾದವು, ಪಥ್ಯ ಬದಲಾಯಿತು, ನೋವು ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಅದೇ ವೈದ್ಯರು, “ಒಮ್ಮೆ ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ ಮಾಡಿಸಿ ನೋಡಿ” ಎಂದಾಗ ನನಗೆ ನಿಜಕ್ಕೂ ನೋವಾಯಿತು. ನಿಮ್ಮ ಬಾಧೆಯೆಲ್ಲ ಬರಿಯ ಭ್ರಮೆ ಎಂದು ಅವರು ಸೌಜನ್ಯದಿಂದ ಹೇಳುತ್ತಿದ್ದಾರೆ ಎಂದೇ ನಾನು ತಿಳಿದುಕೊಂಡೆ. ಆ ತಿಳಿವಳಿಕೆ ಎಷ್ಟು ತಪ್ಪಾಗಿತ್ತು ಎಂಬುದನ್ನು, ಇಂಥದೇ ಸಲಹೆ ಕೇಳಿ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಮರಳಿರಬಹುದಾದ ಇತರರಿಗಾಗಿ ಬರೆಯಬೇಕೆನಿಸಿದೆ.

ನನಗೆ ಚಿಕಿತ್ಸೆ ನೀಡಿದವರು ಮನಃಶಾಸ್ತ್ರಜ್ಞೆ. ಮೊದಲ ಭೇಟಿಯ ಬಹುಪಾಲು ಸಮಯವನ್ನು ಅವರು ಪ್ರಶ್ನೆ ಕೇಳುವುದರಲ್ಲೇ ಕಳೆದರು. ನೋವು ಯಾವ ಹೊತ್ತಿಗೆ ಬರುತ್ತದೆ, ಬಂದಾಗ ನಾನೇನು ಮಾಡುತ್ತೇನೆ, ಬರುವ ಮೊದಲೇ ಅದಕ್ಕೆ ಹೆದರುತ್ತೇನೆಯೇ, ಯಾವ ಜಾಗದಲ್ಲಿ ಕುಳಿತರೆ ನನಗೆ ನೆಮ್ಮದಿ ಎಂದು ಕೇಳಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಒಂದು ಮಾತು ಹೇಳಿದರು: “ನೀವು ನಿದ್ದೆ ಹೋಗುವುದಿಲ್ಲ. ನನ್ನ ಮಾತು ಕೊನೆಯವರೆಗೂ ಕೇಳಿಸುತ್ತಿರುತ್ತದೆ. ಬೇಡವೆನಿಸಿದ ಕ್ಷಣ ಕಣ್ಣು ತೆರೆಯಬಹುದು.” ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಯ ಮೇಲೊಂದು ಚುಕ್ಕೆಯನ್ನು ಗುರುತು ಮಾಡಿಕೊಂಡು ಅದನ್ನೇ ನೋಡುತ್ತಿರಲು ತಿಳಿಸಿದರು. ಹಾಗೆ ನೋಡುತ್ತಿದ್ದರೆ ರೆಪ್ಪೆಗಳು ದಣಿಯುವುದು ಸಹಜ. ಅವರು ಆ ದಣಿವನ್ನೇ ಹೆಸರಿಟ್ಟು ಹೇಳುತ್ತಾ ಹೋದರು, ನನ್ನ ಉಸಿರು ಹೊರಬೀಳುವ ಹೊತ್ತಿಗೆ ಸರಿಯಾಗಿ ಅವರ ಮಾತೂ ಬೀಳುತ್ತಿತ್ತು. ಕಣ್ಣು ಮುಚ್ಚಿದ ಮೇಲೂ ಹೊರಗಿನ ವಾಹನಗಳ ಸದ್ದು ಕೇಳಿಸುತ್ತಿತ್ತು, ಆದರೆ ಅದು ನನಗೆ ಸಂಬಂಧಿಸಿದ್ದಲ್ಲ ಎನ್ನುವಂತಿತ್ತು. ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲಿಡಲು ಹೇಳಿದರು. ಅಂಗೈಗಳಿಂದ ಬಿಸುಪು ಒಳಗಿಳಿಯುತ್ತಿದೆ, ಒಳಗೊಂದು ನದಿಯಿದೆ, ಇಷ್ಟು ದಿನ ಬಂಡೆಗಳಿಗೆ ಅಪ್ಪಳಿಸಿ ನೊರೆಯೇಳುತ್ತಿದ್ದ ಅದರ ನೀರು ಈಗ ಬಯಲಿಗೆ ಬಂದು ಅಗಲವಾಗಿ, ನಿಧಾನವಾಗಿ ಹರಿಯುತ್ತಿದೆ ಎಂದರು. ಕಣ್ಣು ತೆರೆದಾಗ ಹತ್ತು ನಿಮಿಷವಾಗಿರಬಹುದು ಎಂದುಕೊಂಡೆ. ಗಡಿಯಾರದಲ್ಲಿ ಅರ್ಧ ಗಂಟೆ ಕಳೆದಿತ್ತು.

ಈ ಸ್ಥಿತಿಯನ್ನು ವಿವರಿಸಲು ಕನ್ನಡದ ‘ಮೈಮರೆಯುವುದು’ ಎಂಬ ಮಾತೇ ಸಾಕು ಎಂದು ನನಗೆ ಅನ್ನಿಸುತ್ತದೆ. ಪುಸ್ತಕದಲ್ಲಿ ಮುಳುಗಿದವರಿಗೆ ಕಾಲಿಗೆ ಸೊಳ್ಳೆ ಕಚ್ಚಿದ್ದು ತಿಳಿಯುವುದಿಲ್ಲ. ಚರ್ಮವೂ ನರವೂ ತಮ್ಮ ಕೆಲಸ ಮಾಡಿರುತ್ತವೆ, ಗಮನ ಮಾತ್ರ ಬೇರೆಡೆ ಇರುತ್ತದೆ. ಸಮ್ಮೋಹನವೆಂದರೆ ಆ ಮೈಮರೆವನ್ನು ಬೇಕೆಂದೇ ತಂದುಕೊಂಡು, ಅದಕ್ಕೊಂದು ಉದ್ದೇಶ ಕೊಟ್ಟು, ಆ ಹೊತ್ತಿನಲ್ಲಿ ಮನಸ್ಸಿಗೆ ಸೂಚನೆಗಳನ್ನು ನೀಡುವ ಕ್ರಮ. ಇಂಗ್ಲಿಷಿನ ಹಿಪ್ನಾಟಿಸಂ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಮ್ಯಾಂಚೆಸ್ಟರಿನಲ್ಲಿದ್ದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1841ರಲ್ಲಿ ಇಂಥ ಪ್ರದರ್ಶನವೊಂದನ್ನು ನೋಡಿ, ತಾನೇ ಪ್ರಯೋಗ ಮಾಡಿ, 1843ರ ತನ್ನ ಪುಸ್ತಕದಲ್ಲಿ ಗ್ರೀಕರ ನಿದ್ರಾದೇವತೆ ಹಿಪ್ನೋಸ್‌ನ ಹೆಸರನ್ನು ಇದಕ್ಕೆ ಬಳಸಿದ. ಇದು ನಿದ್ದೆಯಲ್ಲ, ಮನಸ್ಸು ಒಂದೇ ವಿಚಾರದಲ್ಲಿ ನೆಲೆ ನಿಲ್ಲುವುದು ಎಂದು ಮುಂದೆ ಅವನಿಗೇ ಮನವರಿಕೆಯಾಗಿ ಬೇರೆ ಹೆಸರು ಸೂಚಿಸಿದರೂ ಮೊದಲಿನದೇ ಗಟ್ಟಿಯಾಗಿ ಉಳಿಯಿತು. ಅವನಿಗೂ ಮುಂಚೆ, ದೇಹದಲ್ಲಿ ಕಾಣದ ಕಾಂತದ್ರವವೊಂದು ಹರಿಯುತ್ತದೆಂದು ನಂಬಿ ಚಿಕಿತ್ಸೆ ಮಾಡುತ್ತಿದ್ದ ವೈದ್ಯ ಮೆಸ್ಮರನ ವಾದವನ್ನು ಫ್ರಾನ್ಸಿನ ದೊರೆ ನೇಮಿಸಿದ ಸಮಿತಿ 1784ರಲ್ಲಿ ಪರೀಕ್ಷಿಸಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೆ ಅದರಲ್ಲಿದ್ದರು. ಅಂಥ ದ್ರವವೇನೂ ಇಲ್ಲ, ಕಾಣುತ್ತಿರುವುದು ಕಲ್ಪನೆಯ ಪರಿಣಾಮ ಎಂದು ಸಮಿತಿ ತೀರ್ಮಾನಿಸಿತು. ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಕಲ್ಪನೆಯೊಂದು ದೇಹದ ಮೇಲೆ ಅಷ್ಟು ಪರಿಣಾಮ ಬೀರಬಲ್ಲದಾದರೆ ಅದೇ ಅಧ್ಯಯನಕ್ಕೆ ಯೋಗ್ಯವಾದ ವಿಷಯವಲ್ಲವೇ ಎಂದು ನನಗೆ ಓದುವಾಗಲೆಲ್ಲ ಅನ್ನಿಸಿದೆ.

ನೋವಿನ ವಿಷಯದಲ್ಲಿ ಆ ಅಧ್ಯಯನ ನಡೆದಿದೆ. 1997ರಲ್ಲಿ ಸಂಶೋಧಕ ಪಿಯೆರ್ ರೆನ್‌ವಿಲ್ ಮತ್ತು ಸಂಗಡಿಗರು ಸಮ್ಮೋಹನದಲ್ಲಿದ್ದವರ ಕೈಯನ್ನು ನೋವಾಗುವಷ್ಟು ಬಿಸಿ ನೀರಿನಲ್ಲಿ ಇರಿಸಿ, ಒಮ್ಮೆ ಆ ನೋವು ಹೆಚ್ಚು ಅಸಹನೀಯವೆಂದೂ ಇನ್ನೊಮ್ಮೆ ಕಡಿಮೆ ಅಸಹನೀಯವೆಂದೂ ಸೂಚಿಸಿ, ಮಿದುಳಿನ ಯಾವ ಭಾಗ ಎಷ್ಟು ಚುರುಕಾಗಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ತೆಗೆದರು. ನೀರಿನ ಬಿಸಿ ಎರಡೂ ಸಲ ಒಂದೇ. ನೋವಿನ ಸಂವೇದನೆಯನ್ನು ಗ್ರಹಿಸುವ ಭಾಗದ ಚಟುವಟಿಕೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ಆದರೆ ನೋವಿನ ಬಾಧೆಗೆ, ಅಂದರೆ ‘ಇದನ್ನು ತಾಳಲಾರೆ’ ಎಂಬ ಅನುಭವಕ್ಕೆ ಸಂಬಂಧಿಸಿದ ಮುಂಭಾಗದ ಸಿಂಗ್ಯುಲೇಟ್ ಕಾರ್ಟೆಕ್ಸ್‌ನ ಚಟುವಟಿಕೆ ಸೂಚನೆಗೆ ತಕ್ಕಂತೆ ಏರಿಳಿಯಿತು. ಇದನ್ನು ಓದಿದ ದಿನ ನನ್ನ ಅನುಭವಕ್ಕೆ ಭಾಷೆ ಸಿಕ್ಕಂತಾಯಿತು. ನಾಲ್ಕನೆಯ ವಾರದ ಹೊತ್ತಿಗೆ ಹೊಟ್ಟೆ ಹಿಂಡುವುದು ನಿಂತಿರಲಿಲ್ಲ, ಆದರೆ ಹಿಂಡಲು ಶುರುವಾದೊಡನೆ ಎದೆ ಧಸಕ್ಕೆನ್ನುವುದು ನಿಂತಿತ್ತು. ಆರು ವರ್ಷ ನನ್ನನ್ನು ಹಣ್ಣು ಮಾಡಿದ್ದು ನೋವಿಗಿಂತ ಹೆಚ್ಚಾಗಿ ಆ ಧಸಕ್ಕೆನ್ನುವಿಕೆ.

ಕರುಳಿನ ವಿಷಯದಲ್ಲಿ ಫಲ ಇನ್ನೂ ಆಳಕ್ಕಿಳಿಯುತ್ತದೆ. ಕರುಳಿನ ಗೋಡೆಯಲ್ಲೇ ಒಂದು ದೊಡ್ಡ ನರಜಾಲವಿದ್ದು ಅದು ಮಿದುಳಿನೊಂದಿಗೆ ಸದಾ ಮಾತುಕತೆಯಲ್ಲಿರುತ್ತದೆ. ಐಬಿಎಸ್ ಇರುವ ಅನೇಕರಲ್ಲಿ ಈ ಮಾತುಕತೆ ವಿಪರೀತ ಸೂಕ್ಷ್ಮವಾಗಿ, ಇತರರಿಗೆ ಅರಿವಿಗೇ ಬಾರದ ವಾಯುವಿನ ಚಲನೆಯೂ ನೋವಾಗಿ ಕೇಳಿಸುತ್ತದೆ. ಮ್ಯಾಂಚೆಸ್ಟರಿನ ವೈದ್ಯ ಪೀಟರ್ ವೋರ್‌ವೆಲ್ ಮತ್ತು ಸಂಗಡಿಗರು 1984ರಲ್ಲಿ, ಬೇರೆ ಚಿಕಿತ್ಸೆಗಳಿಗೆ ಬಗ್ಗದ 30 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಸಮ್ಮೋಹನ ಪಡೆದವರಲ್ಲಿ ನೋವು, ಹೊಟ್ಟೆಯುಬ್ಬರ, ಮಲವಿಸರ್ಜನೆಯ ತೊಂದರೆ ಮೂರೂ ಗಣನೀಯವಾಗಿ ಇಳಿದವು. ಮುಂದೆ ಅದೇ ತಂಡ, ಸಮ್ಮೋಹನದಲ್ಲಿ ಸಿಟ್ಟನ್ನು ಅನುಭವಿಸುವಾಗ ದೊಡ್ಡಕರುಳಿನ ಚಲನೆ ಹೆಚ್ಚುವುದನ್ನೂ ಸಂತೋಷವನ್ನು ಅನುಭವಿಸುವಾಗ ತಗ್ಗುವುದನ್ನೂ ಅಳೆದು ತೋರಿಸಿತು. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರ ಮಾರ್ಗಸೂಚಿಯಲ್ಲಿ, 12 ತಿಂಗಳ ಔಷಧಿಯಿಂದಲೂ ಗುಣ ಕಾಣದ ಐಬಿಎಸ್ ರೋಗಿಗಳಿಗೆ ಹಿಪ್ನೋಥೆರಪಿಯನ್ನು ಪರಿಗಣಿಸಬಹುದೆಂದು ಹೇಳಿತು. ನನ್ನ ವೈದ್ಯರ ಸಲಹೆಯ ಹಿಂದೆ ಇಷ್ಟೆಲ್ಲ ಇತ್ತು. ಅದನ್ನು ಅವರು ಆ ದಿನ ಎರಡು ಮಾತಿನಲ್ಲಿ ಹೇಳಿದ್ದರೆ ನಾನು ಮೂರು ತಿಂಗಳು ಮುನಿಸಿಕೊಂಡು ಕಳೆಯುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಇದರ ಚರಿತ್ರೆ ಇನ್ನೂ ಹಳೆಯದು. ಅರಿವಳಿಕೆಗೆ ಈಥರ್ ಬಳಕೆಗೆ ಬರುವ ಮೊದಲೇ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಎಂಬ ವೈದ್ಯ ಮೆಸ್ಮರನ ಪದ್ಧತಿಯಿಂದಲೇ ರೋಗಿಗಳನ್ನು ಶಾಂತಗೊಳಿಸಿ ದೊಡ್ಡ ಗಡ್ಡೆಗಳನ್ನು ತೆಗೆಯುತ್ತಿದ್ದ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ ಮಾರಿ-ಎಲಿಸಬೆತ್ ಫೇಮನ್‌ವಿಲ್ 1992ರಿಂದ ಸಮ್ಮೋಹನದ ಜೊತೆಗೆ ಸ್ಥಳೀಯ ಅರಿವಳಿಕೆ ಮತ್ತು ಅಲ್ಪ ಪ್ರಮಾಣದ ಶಾಮಕ ಔಷಧಿ ಸೇರಿಸಿ, ಥೈರಾಯ್ಡ್‌ನಂಥ ಶಸ್ತ್ರಚಿಕಿತ್ಸೆಗಳನ್ನು ಪೂರ್ಣ ಅರಿವಳಿಕೆಯಿಲ್ಲದೆ ನಡೆಸುವ ಕ್ರಮವನ್ನು ಬೆಳೆಸಿದರು. ನ್ಯೂಯಾರ್ಕಿನಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಬಂದ 200 ಮಹಿಳೆಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂಚಿತವಾಗಿ ಕೇವಲ 15 ನಿಮಿಷ ಸಮ್ಮೋಹನ ಪಡೆದವರಿಗೆ ಅರಿವಳಿಕೆಯ ಔಷಧಿ ಕಡಿಮೆ ಸಾಕಾಯಿತು. ನಂತರದ ನೋವು, ವಾಕರಿಕೆ, ಆಯಾಸಗಳೂ ಕಡಿಮೆಯಾಗಿದ್ದವು.

ಮನಸ್ಸಿನ ತೊಂದರೆಗಳಲ್ಲಿ ಸಮ್ಮೋಹನ ಒಂಟಿಯಾಗಿ ಕೆಲಸ ಮಾಡುವುದಕ್ಕಿಂತ ಬೇರೆ ಚಿಕಿತ್ಸೆಗೆ ಹೆಗಲು ಕೊಡುವುದೇ ಹೆಚ್ಚು. ದಂತವೈದ್ಯರ ಕುರ್ಚಿಯೆಂದರೆ ನಡುಗುವವರು, ಸೂಜಿಗೆ ಹೆದರುವವರು ತಮ್ಮ ಭಯವನ್ನು ಸಮಾಧಾನದ ಸ್ಥಿತಿಯಲ್ಲಿ ಕಲ್ಪಿಸಿಕೊಂಡು, ಮನಸ್ಸಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಅದನ್ನು ದಾಟುವುದಕ್ಕೆ ಇದು ನೆರವಾಗುತ್ತದೆ. ಧೂಮಪಾನ ಬಿಡಿಸುತ್ತೇವೆ ಎಂಬ ಜಾಹೀರಾತುಗಳಿಗೆ ತಕ್ಕಷ್ಟು ಪುರಾವೆ ಇಲ್ಲ. ಬಾಲ್ಯದ ಮರೆತ ಘಟನೆಗಳನ್ನು ಹೊರತೆಗೆಯುತ್ತೇವೆ ಎನ್ನುವವರಿಂದಂತೂ ದೂರವಿರಬೇಕು. ಆ ಸ್ಥಿತಿಯಲ್ಲಿ ಮನಸ್ಸು ಸೂಚನೆಗೆ ತೆರೆದುಕೊಂಡಿರುವುದರಿಂದ ನಡೆಯದೇ ಇದ್ದದ್ದೂ ನೆನಪಿನ ರೂಪ ತಾಳಿ, ಅದು ನಿಜವೆಂಬ ಗಟ್ಟಿ ನಂಬಿಕೆಯೂ ಜೊತೆಗೆ ಬೆಳೆಯಬಲ್ಲದು. ವಾಸ್ತವದ ಅರಿವೇ ಕದಡುವ ತೀವ್ರ ಮಾನಸಿಕ ಕಾಯಿಲೆಯಿರುವವರು ಮನೋವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಕಾರಣ ತಿಳಿಯದ ನೋವಿಗೆ ಮೊದಲು ಆಗಬೇಕಾದದ್ದು ತಪಾಸಣೆ. ನನಗೆ ಬೇಸರ ತರಿಸಿದ್ದ ಆ ಎಲ್ಲ ಪರೀಕ್ಷೆಗಳೂ ಅಗತ್ಯವಾಗಿಯೇ ಇದ್ದವು.

ಎಲ್ಲರೂ ಒಂದೇ ಆಳಕ್ಕೆ ಇಳಿಯುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞರಾದ ವೈಟ್ಜೆನ್‌ಹಾಫರ್ ಮತ್ತು ಅರ್ನೆಸ್ಟ್ ಹಿಲ್ಗಾರ್ಡ್ 1959ರಲ್ಲಿ ಇದನ್ನು ಅಳೆಯುವ ಮಾಪಕ ರೂಪಿಸಿದರು. ಸ್ವಲ್ಪ ಜನ ಸುಲಭವಾಗಿ ಸಮ್ಮೋಹನಕ್ಕೆ ಒಳಗಾಗುತ್ತಾರೆ, ಸ್ವಲ್ಪ ಜನ ಬಹುತೇಕ ಆಗುವುದೇ ಇಲ್ಲ, ಹೆಚ್ಚಿನವರು ನಡುವೆ ಇರುತ್ತಾರೆ. ಇದಕ್ಕೂ ದುರ್ಬಲ ಮನಸ್ಸಿಗೂ ಸಂಬಂಧವಿಲ್ಲ. ನಾನು ನಡುವಿನವಳು. ಕೈ ತಾನಾಗಿ ಮೇಲೇಳುತ್ತದೆ ಎಂಬ ಸೂಚನೆಗೆ ನನ್ನ ಕೈ ಕದಲಲೇ ಇಲ್ಲ, ಬಿಸುಪಿನ ಸೂಚನೆಗೆ ಮಾತ್ರ ಪ್ರತಿ ಸಲವೂ ಅಂಗೈ ಬೆಚ್ಚಗಾಯಿತು. ನನ್ನ ಮನಃಶಾಸ್ತ್ರಜ್ಞೆ ಕೈಯೆತ್ತುವುದನ್ನು ಬಿಟ್ಟು ಬಿಸುಪನ್ನೇ ಹಿಡಿದುಕೊಂಡರು.

ಕೊನೆಯ ಭೇಟಿಯಲ್ಲಿ ಅವರು ಸುಮ್ಮನೆ ಕುಳಿತರು. ಚುಕ್ಕೆ ನೋಡಿ, ಕಣ್ಣು ಮುಚ್ಚಿ, ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹೇಳಬೇಕಾದದ್ದನ್ನೆಲ್ಲ ನಾನೇ ನನಗೆ ಹೇಳಿಕೊಂಡೆ. ಅದಕ್ಕೀಗ ಒಂದೂವರೆ ವರ್ಷವಾಯಿತು. ರಾತ್ರಿ ಮಲಗುವ ಮುಂಚೆ 15 ನಿಮಿಷ ಅದನ್ನೇ ಮಾಡುತ್ತೇನೆ. ವಾರಕ್ಕೊಮ್ಮೆಯೋ ಎರಡು ಸಲವೋ ಊಟವಾದ ಮೇಲೆ ಹೊಟ್ಟೆ ಹಿಂಡುತ್ತದೆ; ಕುಳಿತಲ್ಲೇ ಅಂಗೈಗಳನ್ನು ಅಲ್ಲಿಡುತ್ತೇನೆ, ಎದುರಿಗೆ ಕುಳಿತವರು ಮಾತು ನಿಲ್ಲಿಸುವ ಪ್ರಮೇಯವೇ ಬರುವುದಿಲ್ಲ.